ಲಾಯದ ಬಾಗಿಲಲ್ಲಿ: ಓದುಗರ ಪ್ರಶ್ನೆ, ನನ್ನ ಉತ್ತರ

ಕುದುರೆ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಸಂಪಾದಕರು ಬರೆದಿದ್ದರು. ಇಷ್ಟು ಕಾಗದ ಬರುತ್ತದೆ ಅಂದುಕೊಂಡಿರಲಿಲ್ಲ. ಅದರಲ್ಲಿ ಅರ್ಧಕ್ಕರ್ಧ ರೇಸಿನ ಟಿಪ್ಸ್ ಕೇಳಿದವು. ಅವನ್ನು ಪಕ್ಕಕ್ಕಿಟ್ಟಿದ್ದೇನೆ. ನಮ್ಮಪ್ಪ ರೇಸ್ ಲಾಯದಲ್ಲಿ ಮೂವತ್ತು ವರ್ಷ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಆಗಿದ್ದವರು. ಒಂದು ದಿನವೂ ಬಾಜಿ ಕಟ್ಟಲಿಲ್ಲ. ಅಷ್ಟು ಹೇಳಿದರೆ ಸಾಕು ಅಲ್ವಾ?

ಪ್ರಶ್ನೆ: ಟೀವಿಯಲ್ಲಿ ಕುದುರೆಗಳು ಬಣ್ಣದ ಕಂಬ ಹಾರುವುದನ್ನು ನೋಡಿದೆ. ಹೊಡೆದು ಹೊಡೆದು ಕಲಿಸುತ್ತಾರೆ ಅಂತ ನಮ್ಮ ಭಾವ ಹೇಳುತ್ತಾರೆ. ನಿಜವಾ? ನಿಮ್ಮಲ್ಲಿ ಒಂದು ದಿನದ ಪಾಠ ಹೇಗಿರುತ್ತದೆ?
— ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಭಾವ ಪೂರ್ತಿ ಸುಳ್ಳು ಹೇಳಿಲ್ಲ. ಹಾಗೆ ಕಲಿಸುವವರು ಇದ್ದಾರೆ. ಅವರ ಕುದುರೆಗಳು ಹಾರುತ್ತವೆ ಕೂಡ, ಸ್ವಲ್ಪ ದಿನ. ಆಮೇಲೊಂದು ದಿನ ಕಂಬದ ಮುಂದೆ ನಾಲ್ಕೂ ಕಾಲು ಊರಿ ನಿಂತುಬಿಡುತ್ತವೆ. ಆಗ ಸವಾರ ಒಬ್ಬನೇ ಹಾರುತ್ತಾನೆ. ಕುದುರೆ ಹಾರುತ್ತಿರುವಾಗಲೇ ಕಂಬ ಎತ್ತಿ ಕಾಲಿಗೆ ಬಡಿಸುವ ಹಳೇ ಚಾಳಿಯೂ ಒಂದುಂಟು, ಮುಂದಿನ ಸಲ ಕಾಲು ಇನ್ನೂ ಮೇಲೆತ್ತಲಿ ಅಂತ. ರಾಪಿಂಗ್ ಅನ್ನುತ್ತಾರೆ. ಕುದುರೆ ಸವಾರಿ ಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಇಐ ಅದನ್ನು ನಿಷೇಧಿಸಿದೆ. ನಮ್ಮ ಲಾಯದಲ್ಲಿ ಹೇಗೆ ಅಂತ ಕೇಳಿದ್ದೀರಲ್ಲ, ಮೊನ್ನೆ ಮಂಗಳವಾರದ್ದನ್ನೇ ಹೇಳುತ್ತೇನೆ.

ನಮ್ಮದು ದೊಡ್ಡಬಳ್ಳಾಪುರದ ಕಡೆ. 11 ಕುದುರೆ, 4 ಜನ ಸೈಸ್‌ಗಳು. ಎಲ್ಲರಿಗಿಂತ ಹಿರಿಯರನ್ನು ನಾವೆಲ್ಲ ಚಾಚಾ ಅನ್ನುತ್ತೇವೆ. ಬೆಳಿಗ್ಗೆ ಐದಕ್ಕೆ ಮುಂಚೆ ಅವರು ಬಂದು ದಾಣಿ, ಅಂದರೆ ಕಾಳಿನ ಮೇವು, ಇಟ್ಟಿರುತ್ತಾರೆ. ನಾನು ಬಂದ ತಕ್ಷಣ ನೋಡುವುದು ಎರಡೇ. ರಾತ್ರಿ ಹುಲ್ಲು ಖಾಲಿಯಾಗಿದೆಯಾ, ಲದ್ದಿ ಬಿದ್ದಿದೆಯಾ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಹೊಟ್ಟೆಯಲ್ಲಿ ಕೆಟ್ಟರೆ ಮುಂದಕ್ಕೇ ಹೋಗಬೇಕು, ಇಲ್ಲದಿದ್ದರೆ ಪ್ರಾಣಕ್ಕೇ ಬರುತ್ತದೆ. ಹಾಗಾಗಿ ಬೆಳಗಾಗೆದ್ದು ಲದ್ದಿ ನೋಡಿ ಸಂತೋಷಪಡುವ ಉದ್ಯೋಗ ನಮ್ಮದು. ಆಮೇಲೆ ಒಂದೊಂದೇ ಕಾಲನ್ನು ಮಂಡಿಯಿಂದ ಗೊರಸಿನವರೆಗೆ ಅಂಗೈಯಲ್ಲಿ ಸವರುತ್ತೇನೆ. ಎಲ್ಲಾದರೂ ಬಿಸಿ ತಾಗಿದರೆ ಆ ಕುದುರೆಗೆ ಅವತ್ತು ರಜೆ. ಕಣ್ಣಿಗೆ ಕುಂಟು ಕಾಣುವುದಕ್ಕೆ ಮುಂಚೆಯೇ ಎಷ್ಟೋ ಸಲ ಕೈಗೆ ಗೊತ್ತಾಗುತ್ತದೆ.

ಮಂಗಳವಾರದ ಮೊದಲ ಪಾಠ ಮೊಲ್ಲೆಯದು. ಮೂರೂವರೆ ವರ್ಷದ ಹೆಣ್ಣು ಮರಿ. ಬೆನ್ನ ಮೇಲೆ ಇದುವರೆಗೆ ಮನುಷ್ಯರು ಹತ್ತಿಲ್ಲ. ಒಂದು ಮಾತು ಅರ್ಥವಾಗಬೇಕು. ಕಾಡಿನ ಕಾಲದಿಂದ ಕುದುರೆ ಬೆನ್ನ ಮೇಲೆ ಹಾರಿ ಬೀಳುತ್ತಿದ್ದದ್ದು ಹುಲಿ, ಸಿಂಹ, ಚಿರತೆಯಂಥವು. ಬೆನ್ನಿಗೆ ಭಾರ ಬಿತ್ತು ಅಂದರೆ ಒದೆ, ಜಿಗಿ, ಓಡು ಅಂತ ಅದರ ರಕ್ತದಲ್ಲೇ ಬರೆದಿದೆ. ನಾವು ಆ ಬರಹ ಅಳಿಸಬೇಕು. ಹೊಡೆದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೇ.

ಮೊದಲ ವಾರ ಬರೀ ಗೋಣಿತಾಟಿನಲ್ಲಿ ಬೆನ್ನು, ಹೊಟ್ಟೆ, ಕಾಲು ಉಜ್ಜಿದ್ದೆವು. ಆಮೇಲೆ ಹೊಟ್ಟೆಗೆ ಪಟ್ಟಿ. ಆಮೇಲೆ ಖಾಲಿ ಜೀನು. ಸವಾರ ಕಾಲಿಡುವ ರಿಕಾಪು ಎರಡೂ ಕಡೆ ಜೋತಾಡಿ ಪಕ್ಕೆಗೆ ಬಡಿಯುತ್ತವಲ್ಲ, ಅದಕ್ಕೆ ಎರಡು ದಿನ ಹೆದರಿದಳು. ಉದ್ದ ಹಗ್ಗ ಹಿಡಿದು ಸುತ್ತ ಓಡಿಸುವುದಕ್ಕೆ ಲಂಜಿಂಗ್ ಅನ್ನುತ್ತೇವೆ. ಚಾಚಾ ಬಾಯಲ್ಲಿ ಅದು ಯಾವಾಗಲೂ ಲಂಚ. ‘ಮೊಲ್ಲೆಗೆ ಲಂಚ ಆಯ್ತಾ?’ ಅಂತ ಕೇಳಿದಾಗ ಹೊಸಬರು ಬೆಚ್ಚಿ ನೋಡುತ್ತಾರೆ. ಕಡಿವಾಣಕ್ಕೆ ಬೆಲ್ಲದ ಪಾಕ ಸವರಿ ಬಾಯಿಗೆ ಕೊಟ್ಟಿದ್ದೆವು. ನಿಜವಾದ ಲಂಚ ಅಂದರೆ ಅದು.

ಮೊನ್ನೆ ಅವಳ ಮೇಲೆ ನಮ್ಮ ಲಾಯದ ಹುಡುಗ ಅಡ್ಡ ಬೀಳುವ ದಿನ. ಅವನ ತೂಕ 52 ಕೆಜಿ. ಎಡಗಡೆ ಸ್ಟೂಲ್ ಹಾಕಿ ನಿಲ್ಲಿಸಿದೆ. ಮೊದಲು ಬಲಗೈಯನ್ನು ಬೆನ್ನ ಮೇಲಿಂದ ಆಚೆಗೆ ಚಾಚಿ ಆ ಕಡೆ ಪಕ್ಕೆ ತಟ್ಟು ಅಂದೆ. ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿರುತ್ತದೆ. ಎಡಗಡೆ ನಿಂತ ಹುಡುಗ ಎಡಗಣ್ಣಿಗೆ ಪರಿಚಯದವನು. ಬಲಗಡೆ ತಟ್ಟನೆ ಮೂಡಿದ ಕೈ ಬಲಗಣ್ಣಿಗೆ ಹೊಸದು. ನಾಲ್ಕೈದು ಸಲ ತಟ್ಟಿದ ಮೇಲೆ ತಲೆ ಇಳಿಸಿದಳು. ಆಗ ಹುಡುಗ ಅಕ್ಕಿ ಮೂಟೆ ಥರ ಅವಳ ಬೆನ್ನಿಗೆ ಅಡ್ಡಲಾಗಿ ಹೊಟ್ಟೆ ಊರಿ ಮಲಗಿದ.

ಮೊಲ್ಲೆಯ ಬಲಗಿವಿ ಹಿಂದಕ್ಕೆ ತಿರುಗಿತು. ಪಕ್ಕೆ ಅಲ್ಲಾಡುವುದು ನಿಂತಿತು. ಉಸಿರು ಕಟ್ಟಿದ್ದಾಳೆ. ಚಾಚಾ ಹಣೆ ಹತ್ತಿರ ನಿಂತು ಏನೋ ಗುನುಗುತ್ತಿದ್ದರು. ನಾನು ಮನಸ್ಸಿನಲ್ಲೇ ಎಣಿಸಿದೆ. ಹನ್ನೆರಡು, ಹದಿಮೂರು, ಹದಿನಾಲ್ಕು. ಹದಿನೇಳಕ್ಕೆ ಮೂಗಿನಿಂದ ಫುರ್ರ್ ಅಂತ ಉಸಿರು ಬಿಟ್ಟಳು. ತುಟಿ ನೆಕ್ಕಿ ಬಾಯಿ ಆಡಿಸಿದಳು. ‘ಇಳಿ’ ಅಂದೆ. ಹುಡುಗ ಮೆಲ್ಲಗೆ ಜಾರಿ ಇಳಿದ. ಹೆದರಿದಾಗ ಇಳಿದರೆ, ಹೆದರಿದ್ದರಿಂದಲೇ ಭಾರ ಹೋಯಿತು ಅಂತ ಕಲಿಯುತ್ತಾಳೆ. ಸಮಾಧಾನ ಆದಾಗ ಇಳಿಯಬೇಕು. ನಲವತ್ತು ಸೆಕೆಂಡಿನ ಕೆಲಸ. ಇನ್ನೊಂದು ಸಲ ಮಾಡಿಸಿ ಲಾಯಕ್ಕೆ ಕಳಿಸಿಬಿಟ್ಟೆ.

‘ಅಷ್ಟೇನಾ ಸಾರ್?’ ಅಂದ ಹುಡುಗ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ತಲೆಗೆ ಎಣ್ಣೆ ಹಚ್ಚಿ ಬಂದಿದ್ದ ಪಾಪ.

ಎರಡನೇ ಪಾಠ ಗುಂಡನದು. ಇವನು ರೇಸಿನಿಂದ ಬಂದವನು, ಆರು ವರ್ಷ. ರೇಸಿನಲ್ಲಿ ಇವನಿಗೆ ಉದ್ದದ ಹೆಸರಿತ್ತು, ಇಲ್ಲಿ ಎಲ್ಲರಿಗೂ ಗುಂಡ. ರೇಸ್ ಕುದುರೆಗೆ ಸವಾರ ಹೊಸಬನಲ್ಲ, ಸುಲಭ ಅಂತ ಜನ ಅಂದುಕೊಳ್ಳುತ್ತಾರೆ. ಅಲ್ಲ. ಜಾಕಿಯನ್ನು ಯಾರೋ ಕಾಲು ಹಿಡಿದು ಎತ್ತಿ ಕೂರಿಸುತ್ತಾರೆ, ಕುದುರೆ ನಡೆಯುತ್ತಲೇ ಇರುತ್ತದೆ. ನಿಂತಲ್ಲಿ ನಿಂತು ಹತ್ತಿಸಿಕೊಳ್ಳುವುದು ಗುಂಡನಿಗೆ ಗೊತ್ತೇ ಇರಲಿಲ್ಲ. ಲಗಾಮು ಬಿಗಿ ಹಿಡಿದರೆ ನಮ್ಮ ಭಾಷೆಯಲ್ಲಿ ನಿಧಾನ. ಅವನು ಕಲಿತ ಭಾಷೆಯಲ್ಲಿ ಅದಕ್ಕೆ ಒರಗಿಕೊಂಡು ಓಡು ಅಂತ. ಸವಾರನ ಕಾಲು ಪಕ್ಕೆಗೆ ಒತ್ತಿದರೆ ಏನು ಅರ್ಥ ಅಂತ ಕಲಿಸಲು ಮೂರು ತಿಂಗಳು ಹಿಡಿಯಿತು. ಆಮೇಲೆ ಕಂಬ.

ಕಂಬ ಅಂದರೆ ಮೊದಲು ನೆಲದ ಮೇಲೆ ಬಿದ್ದಿರುವ ಕಂಬ. ಟ್ರಾಟ್ ಅಂದರೆ ಎರಡೆರಡು ಕಾಲು ಜೋಡಿಯಾಗಿ ಎತ್ತಿ ಹಾಕುವ ಓಟ. ಅದಕ್ಕೆ ಕಂಬದಿಂದ ಕಂಬಕ್ಕೆ ಸುಮಾರು ನಾಲ್ಕೂವರೆ ಅಡಿ ಬಿಡುತ್ತೇವೆ. ಅದನ್ನು ನೋಡಿಕೊಂಡು ದಾಟಲು ಬಂದರೆ, ಕೊನೆಗೆ ಒಂದೂವರೆ ಅಡಿ ಎತ್ತರದ ಕ್ರಾಸ್. ಎರಡು ಕಂಬಗಳನ್ನು ಗುಣಾಕಾರದ ಗುರುತಿನ ಥರ ಇಟ್ಟಿರುತ್ತೇವೆ, ನಡುವೆ ತಗ್ಗು. ಕುದುರೆ ತಾನಾಗಿಯೇ ನಡುವಿಗೆ ಬರುತ್ತದೆ. ಕ್ರಾಸಿಗೆ ಒಂಬತ್ತು ಅಡಿ ಮುಂಚೆ ನೆಲದ ಮೇಲೆ ಇನ್ನೊಂದು ಕಂಬ. ಅದನ್ನು ದಾಟಿದ ಕುದುರೆಯ ಕಾಲು ಹಾರಬೇಕಾದ ಜಾಗಕ್ಕೇ ಬಂದು ಬೀಳುತ್ತದೆ. ಎಲ್ಲಿಂದ ಹಾರಬೇಕು ಅಂತ ನಾನು ಹೇಳಬೇಕಿಲ್ಲ. ಕಂಬ ಹೇಳುತ್ತದೆ.

ಮುಂದೆ ಕ್ಯಾಂಟರ್, ಅಂದರೆ ಟ್ರಾಟ್‌ಗಿಂತ ಜೋರಾಗಿ ಕುಪ್ಪಳಿಸುವ ಓಟದಲ್ಲಿ ಎರಡೆರಡು ಜಂಪ್ ಹಾರಿಸುವಾಗ ಲೆಕ್ಕ ಬರುತ್ತದೆ. ಕುದುರೆಯ ಒಂದು ಕುಪ್ಪಳ ಸುಮಾರು 12 ಅಡಿ. ಹಾರಿ ಇಳಿಯುವುದಕ್ಕೆ ಆರು ಅಡಿ, ಮುಂದಿನದಕ್ಕೆ ಏಳುವುದಕ್ಕೆ ಆರು ಅಡಿ. ನಡುವೆ ಒಂದು ಕುಪ್ಪಳ ಬೇಕಾದರೆ ಒಟ್ಟು 24 ಅಡಿ. ಟೇಪ್ ಹಿಡಿಯುವುದಿಲ್ಲ, ಹೆಜ್ಜೆಯಲ್ಲಿ ಅಳೆಯುತ್ತೇವೆ. ನನ್ನ ಒಂದು ಹೆಜ್ಜೆ ಮೂರಡಿ, ನಾಲ್ಕು ಹೆಜ್ಜೆಗೆ ಅವನ ಒಂದು ಕುಪ್ಪಳ. ಈ ಚಟ ಎಷ್ಟು ಅಂಟಿದೆ ಅಂದರೆ, ಮದುವೆ ಮನೆಗಳಲ್ಲಿ ಬಾಗಿಲಿನಿಂದ ಊಟದ ಹಾಲ್‌ಗೆ ಹೋಗುವಾಗಲೂ ನಾಲ್ಕು ನಾಲ್ಕಾಗಿ ಎಣಿಸುತ್ತೇನೆ. ನನ್ನ ಹೆಂಡತಿ ‘ಎಷ್ಟು ಕುಪ್ಪಳ ಆಯ್ತು?’ ಅಂತ ಎಲ್ಲರ ಮುಂದೆ ಕೇಳುತ್ತಾಳೆ.

ಬಣ್ಣದ ಕಂಬ ಅಂದಿರಲ್ಲ, ಅದಕ್ಕೂ ಕಾರಣ ಇದೆ. ಕುದುರೆಗೆ ಕೆಂಪು ಹಸಿರು ನಮ್ಮ ಥರ ಬೇರೆ ಬೇರೆಯಾಗಿ ಕಾಣುವುದಿಲ್ಲ. ನೀಲಿ, ಹಳದಿ ಗುರುತಿಸುತ್ತದೆ. ಹಸಿರು ಹುಲ್ಲಿನ ಮೇಲೆ ಕೆಂಪು ಕಂಬ ನಮಗೆ ಕಣ್ಣಿಗೆ ಹೊಡೆಯುತ್ತದೆ, ಅವಕ್ಕೆ ಮಂಕು. ನಮ್ಮಲ್ಲಿ ಕಲಿಯುವ ಕುದುರೆಗಳಿಗೆ ಬಿಳಿ ನೀಲಿ ಪಟ್ಟೆಯ ಕಂಬವೇ. ಪ್ರತಿ ಮಳೆಗಾಲ ಕಳೆದ ಮೇಲೆ ನಾನೇ ಬಣ್ಣ ಬಳಿಯುತ್ತೇನೆ.

ಮೊನ್ನೆ ಗುಂಡ ಕ್ರಾಸಿಗೆ ಬಂದ, ಹಿಂಗಾಲಲ್ಲಿ ಕಂಬ ತಟ್ಟಿ ಬೀಳಿಸಿದ. ಬಿದ್ದೇ ಬೀಳಬೇಕು ಅಂತಲೇ ಕಂಬಗಳನ್ನು ಆಳವಿಲ್ಲದ ಬಟ್ಟಲಿನಂಥ ಕೊಕ್ಕೆಯಲ್ಲಿ ಇಡುವುದು. ಎರಡನೇ ಸಲವೂ ತಟ್ಟಿದ. ಹಾರಿ ಇಳಿದ ಕೂಡಲೇ ರೇಸ್ ನೆನಪಾಗಿ ಕಿತ್ತುಕೊಂಡು ಓಡಿದ. ಇಂಥ ಹೊತ್ತಲ್ಲೇ ಚಾವಟಿಗೆ ಕೈ ಹೋಗುವುದು. ನಾನು ಎತ್ತರ ತಗ್ಗಿಸಿದೆ. ಇಳಿಯುವ ಕಡೆ ಒಂಬತ್ತು ಅಡಿಗೆ ಇನ್ನೊಂದು ಕಂಬ ಮಲಗಿಸಿದೆ. ಈಗ ಇಳಿದ ಮೇಲೆ ಓಡುವ ಮೊದಲು ಅದನ್ನು ನೋಡಬೇಕು. ಮೂರನೇ ಸಲ ಬರುವಾಗ ಕಿವಿ ಎರಡೂ ಮುಂದಕ್ಕೆ ನೆಟ್ಟಗಾಗಿದ್ದವು. ಮುಂಗಾಲು ಮಡಚಿ ಮಂಡಿಯನ್ನು ಎದೆ ಮಟ್ಟಕ್ಕೆ ಎತ್ತಿದ. ಕತ್ತು ಮುಂದಕ್ಕೆ ಚಾಚಿ, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ದಾಟಿದ. ಒಂದೂ ಕಾಲು ತಾಗಲಿಲ್ಲ. ಇಳಿದ ಮೇಲೆ ಕೆಳಗಿನ ಕಂಬ ನೋಡಿ, ಟ್ರಾಟ್‌ಗೆ ಬಂದು, ತಾನೇ ತಾನಾಗಿ ನಿಂತ. ಚಾಚಾ ಶಾಬಾಶ್ ಅಂದರು. ಅವರ ಬಾಯಲ್ಲಿ ಆ ಮಾತು ಬರುವುದು ಅಪರೂಪ, ನನಗಂತೂ ಇನ್ನೂ ಸಿಕ್ಕಿಲ್ಲ.

ಒಟ್ಟು ಒಂಬತ್ತು ಜಂಪ್. ವಾರಕ್ಕೆ ಎರಡೇ ದಿನ. ಉಳಿದ ದಿನ ನಡಿಗೆ, ಟ್ರಾಟ್, ಗುಡ್ಡ ಹತ್ತಿಸುವುದು. ಹಾರಿ ಇಳಿಯುವಾಗ ನಾನೂರೈವತ್ತು ಕೆಜಿ ಪ್ರಾಣಿಯ ಭಾರವೆಲ್ಲ ಮುಂಗಾಲಿಗೆ ಬರುತ್ತದೆ. ಅಲ್ಲಿ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುಗಳನ್ನು ಉಳಿಸಿಕೊಳ್ಳಬೇಕು. ಆಮೇಲೆ ಕಾಲು ಗಂಟೆ ನಡೆಸಿ ಬೆವರು ಆರಿಸಿ, ಕಾಲಿಗೆ ತಣ್ಣೀರು ಬಿಟ್ಟು, ಮೈಗೆ ಖರಾರ (ಮೈ ಉಜ್ಜುವ ಹಲ್ಲಿನ ಬ್ರಷ್) ಹಾಕಿ ಉಜ್ಜಿದರೆ ಬೆಳಗಿನ ಕೆಲಸ ಮುಗಿಯಿತು. ಬಿಸಿಲೇರಿದ ಮೇಲೆ ಕುದುರೆಗೂ ನಮಗೂ ನಿದ್ದೆ. ಸಂಜೆಯದು ಮಕ್ಕಳ ಕ್ಲಾಸು, ಅದರದ್ದು ಬೇರೆಯೇ ಕಥೆ.

ನಿಮ್ಮ ಭಾವನವರನ್ನು ಒಂದು ದಿನ ಕರೆದುಕೊಂಡು ಬನ್ನಿ. ಲದ್ದಿ ನೋಡುವುದರಿಂದಲೇ ಶುರು ಮಾಡೋಣ.

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಸವಾರಿ ಕ್ಲಾಸಿಗೆ ಹೋಗುತ್ತಾಳೆ. ಅದೇ ಕುದುರೆ ಬೇರೆ ಮಕ್ಕಳು ಕೂತರೆ ಹಾರುತ್ತದೆ, ಇವಳು ಕೂತರೆ ಕಂಬದ ಮುಂದೆ ನಿಲ್ಲುತ್ತದೆ. ಎರಡು ಸಲ ಬಿದ್ದಳು. ಕುದುರೆಗೆ ಇವಳ ಮೇಲೆ ಸಸಾರ, ಎರಡು ಬಿಗಿ ಅನ್ನುತ್ತಾರೆ ಮೇಷ್ಟ್ರು. ಇವಳು ಹೊಡೆಯಲ್ಲ ಅಂತ ಅಳುತ್ತಾಳೆ. ಬಿಡಿಸಿಬಿಡಲಾ?
— ಒಬ್ಬ ತಾಯಿ, ಮೈಸೂರು

ಉತ್ತರ: ಬಿಡಿಸಬೇಡಿ ತಾಯಿ. ಆ ಮಗು ಸರಿಯಾಗಿಯೇ ಇದೆ.

ನನ್ನದೇ ಒಂದು ಹಳೇ ಕಥೆ ಹೇಳುತ್ತೇನೆ. ಆಗ ನನಗೆ 19. ಒಂದು ಸವಾರಿ ಶಾಲೆಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಒಂದು ಕಂದು ಕುದುರೆ, ಬಂಗಾರದಂಥದ್ದು, ಮೂರಡಿ ಕಣ್ಣು ಮುಚ್ಚಿ ಹಾರುತ್ತಿತ್ತು. ಯಾರೋ ದೊಡ್ಡವರು ನೋಡಲು ಬಂದಿದ್ದರು. ತೋರಿಸಿಕೊಳ್ಳುವ ಹುಚ್ಚಿಗೆ ನಾನು ನಾಲ್ಕಡಿಗೆ ಏರಿಸಿದೆ. ಕುದುರೆ ಏನೋ ಎದ್ದಿತು. ನನ್ನ ಮೈ ಹಿಂದಕ್ಕೆ ವಾಲಿತು. ಬೀಳದೆ ಇರಲು ಏನು ಹಿಡಿದುಕೊಂಡೆ? ಲಗಾಮು. ಅಂದರೆ ಹಾರುತ್ತಿರುವ ಕುದುರೆಯ ಬಾಯನ್ನು ಗಾಳಿಯಲ್ಲೇ ಜಗ್ಗಿದೆ. ಕಡಿವಾಣ ಕೂರುವ ಜಾಗದಲ್ಲಿ ಹಲ್ಲಿಲ್ಲ, ಬರೀ ಒಸಡು. ಕಂಬ ಮುರಿಯಿತು, ನನ್ನ ಕಾಲರ್ ಬೋನ್ ಮುರಿಯಿತು. ಆರು ವಾರಕ್ಕೆ ನನ್ನ ಮೂಳೆ ಕೂಡಿತು. ಆ ಕುದುರೆ ಮತ್ತೆ ನನ್ನನ್ನು ಹೊತ್ತು ಒಂದೂವರೆ ಅಡಿ ಹಾರಲು ಏಳು ತಿಂಗಳು ಬೇಕಾಯಿತು. ನಮ್ಮಪ್ಪ ಆಸ್ಪತ್ರೆಗೆ ಬಂದವರು ನನ್ನ ಭುಜ ನೋಡಲೇ ಇಲ್ಲ. ‘ಅದರ ಬಾಯಿ ಹೇಗಿದೆ?’ ಅಂತ ಕೇಳಿದರು.

ನಿಮ್ಮ ಮಗಳು ಮಾಡುತ್ತಿರುವುದು ಇದೇ ಇರಬೇಕು, ಚಿಕ್ಕ ಪ್ರಮಾಣದಲ್ಲಿ. ಬಿದ್ದ ಹೆದರಿಕೆಗೆ ಕೊನೇ ಗಳಿಗೆಯಲ್ಲಿ ಲಗಾಮು ಬಿಗಿ ಹಿಡಿಯುತ್ತಾಳೆ. ಕುದುರೆಗೆ ಮೂಗಿನ ಕೆಳಗೆ, ಹಣೆಯ ನೇರ ಮುಂದೆ ಕಾಣುವುದಿಲ್ಲ. ಕಂಬಕ್ಕೆ ತೀರಾ ಹತ್ತಿರ ಬಂದಾಗ ಅದು ದೂರದಿಂದ ನೋಡಿ ಇಟ್ಟುಕೊಂಡ ಲೆಕ್ಕದ ಮೇಲೆ ಹಾರುತ್ತದೆ. ಅದೇ ಹೊತ್ತಿಗೆ ಬಾಯಿ ನೋವಾದರೆ, ಕತ್ತು ಚಾಚಲು ಬಿಡದಿದ್ದರೆ, ನಿಲ್ಲದೆ ಏನು ಮಾಡುತ್ತದೆ? ಹಿಂದಿನಿಂದ ಏಟು, ಮುಂದಿನಿಂದ ಜಗ್ಗು. ನಡುವೆ ಸಿಕ್ಕ ಪ್ರಾಣಿಯನ್ನು ಹಟಮಾರಿ ಅನ್ನುತ್ತೇವೆ.

ಮೇಷ್ಟ್ರ ಜೊತೆ ಜಗಳ ಬೇಡ. ಎರಡು ವಾರ ಕಂಬ ನೆಲದ ಮೇಲೇ ಇರಲಿ ಅಂತ ಕೇಳಿ. ಕುದುರೆಯ ಕತ್ತಿಗೆ ಒಂದು ಹಳೇ ಬೆಲ್ಟ್ ಕಟ್ಟಿಸಿ. ಕಂಬ ಬಂದಾಗ ಮಗಳು ಲಗಾಮಿನ ಜೊತೆ ಆ ಬೆಲ್ಟ್ ಹಿಡಿಯಲಿ. ಆಗ ತಪ್ಪಿದರೂ ಬಾಯಿ ಜಗ್ಗುವುದಿಲ್ಲ. ಕಣ್ಣು ಕಂಬದ ಮೇಲಲ್ಲ, ಆಚೆ ಇರುವ ಮರದ ಮೇಲೆ. ನಾನು ಮಕ್ಕಳಿಗೆ ಜೋರಾಗಿ ಹಾಡು ಹೇಳಿಕೊಂಡು ಬನ್ನಿ ಅನ್ನುತ್ತೇನೆ. ಹಾಡುವವರು ಉಸಿರು ಕಟ್ಟಲಾರರು ನೋಡಿ. ಇಷ್ಟಾದರೂ ನಿಂತರೆ ಕುದುರೆಯ ಹಲ್ಲು, ಬೆನ್ನು, ಜೀನು ಮೂರನ್ನೂ ವೈದ್ಯರಿಗೆ ತೋರಿಸಲು ಹೇಳಿ. ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತಿದ್ದರೆ ಯಾವ ಪಾಠವೂ ನಡೆಯುವುದಿಲ್ಲ.

ಅಂದಹಾಗೆ ನಿಲ್ಲುವುದು ದೊಡ್ಡವರಿಗೂ ಆಗುತ್ತದೆ. ಶೋ ಜಂಪಿಂಗ್, ಅಂದರೆ ಕಂಬ ಹಾರುವ ಸ್ಪರ್ಧೆಯ ನಿಯಮದಲ್ಲೇ ಅದಕ್ಕೆ ಜಾಗ ಇದೆ. ಎಫ್‌ಇಐ ಸ್ಪರ್ಧೆಗಳಲ್ಲಿ ಮೊದಲ ಸಲ ನಿಂತರೆ ನಾಲ್ಕು ದಂಡದ ಅಂಕ, ಎರಡನೇ ಸಲ ನಿಂತರೆ ಮನೆಗೆ.

ಪ್ರಶ್ನೆ: ರೇಸ್‌ನಲ್ಲಿ ಓಡದ ಕುದುರೆ ಕಡಿಮೆಗೆ ಸಿಗುತ್ತವಂತೆ. ನಮ್ಮದು ತೋಟ ಇದೆ. ಮಗ ಸವಾರಿ ಕಲಿಯಲಿ ಅಂತ ಒಂದು ತಂದುಬಿಡೋಣ ಅಂತಿದ್ದೇನೆ. ಹೇಗೆ?
— ಓದುಗರೊಬ್ಬರು, ತುಮಕೂರು

ಉತ್ತರ: ಬೇಡ ಅಣ್ಣಾ. ಕುದುರೆ ತಪ್ಪಲ್ಲ. ಕಲಿಯದ ಹುಡುಗ, ಕಲಿಯದ ಕುದುರೆ, ಇಬ್ಬರನ್ನೂ ಒಟ್ಟಿಗೆ ಬಿಟ್ಟರೆ ಒಬ್ಬರಿಗೆ ಏಟು ಗ್ಯಾರಂಟಿ. ಜೊತೆಗೆ ಬೆಲೆ ಕಡಿಮೆ ಇದ್ದರೂ ಸಾಕುವುದು ಕಡಿಮೆಯಲ್ಲ. ಐದಾರು ವಾರಕ್ಕೊಮ್ಮೆ ಲಾಳ ಬಿಚ್ಚಿ ಗೊರಸು ಕತ್ತರಿಸಿ ಮತ್ತೆ ಹೊಡೆಯಬೇಕು. ಧನುರ್ವಾಯು ಲಸಿಕೆ ತಪ್ಪಿಸುವಂತಿಲ್ಲ. ಎಲ್ಲಿಂದ ತಂದರೂ ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆ ಆಗಿರಬೇಕು, ಅದು ಮನುಷ್ಯರಿಗೂ ಅಂಟುತ್ತದೆ. ಇನ್ನೊಂದು, ಕುದುರೆ ಗುಂಪಿನ ಪ್ರಾಣಿ. ತೋಟದಲ್ಲಿ ಒಂಟಿಯಾಗಿ ಕಟ್ಟಿದರೆ ದಿನಾ ಒಂದೇ ಸಮನೆ ಓಲಾಡುತ್ತಾ, ಬಾಗಿಲು ಕಡಿಯುತ್ತಾ ನಿಲ್ಲುತ್ತದೆ.

ಹಾಗಂತ ರೇಸಿನಲ್ಲಿ ಸೋತ ಕುದುರೆ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳಿದರೆ ಗುಂಡ ಒದ್ದಾನು. ಕುದುರೆ ಎತ್ತರ ಜಿಗಿತದ ವಿಶ್ವದಾಖಲೆ ಇವತ್ತಿಗೂ ಚಿಲಿ ದೇಶದ ಹುವಾಸೊ ಎಂಬ ಕುದುರೆಯದು. 1949ರ ಫೆಬ್ರವರಿ 5ರಂದು ಸೇನೆಯ ಕ್ಯಾಪ್ಟನ್ ಅಲ್ಬರ್ಟೊ ಲಾರಾಗಿಬೆಲ್ ಅವರನ್ನು ಹೊತ್ತು 2.47 ಮೀಟರ್ ಹಾರಿತು. ಎಂಟು ಅಡಿಗೂ ಜಾಸ್ತಿ! ಎರಡು ಸಲ ಆಗದೆ, ಮೂರನೇ ಸಲಕ್ಕೆ. ಆ ಹುವಾಸೊ ಕೂಡ ರೇಸಿಗೆ ಅಂತ ಬೆಳೆಸಿ, ಅಲ್ಲಿ ನಡೆಯದೆ ಬಂದದ್ದೇ. ಆದರೆ ಅದನ್ನು ತಯಾರು ಮಾಡಿದವರು ಸೇನೆಯ ಸವಾರಿ ಶಾಲೆಯ ಪಳಗಿದ ಕೈಗಳು. ದಾಖಲೆ ಮಾಡುವಾಗ ಅದಕ್ಕೆ ಹದಿನೈದು ವರ್ಷ ದಾಟಿತ್ತು. ನಿಮ್ಮ ಮಗ ಮೊದಲು ಎಲ್ಲಾದರೂ ಶಾಲೆಯಲ್ಲಿ ಒಂದು ವರ್ಷ ಮುದಿ ಕುದುರೆಯ ಮೇಲೆ ಕಲಿಯಲಿ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ಮೇಲೆ ಇಲ್ಲಿ ಕೇಳಿಕೊಂಡು ಬರುವ ಹುಡುಗರು ಜಾಸ್ತಿಯಾಗಿದ್ದಾರೆ. ಎಲ್ಲರಿಗೂ ನಾನು ಮೊದಲು ಕೊಡುವುದು ಪೊರಕೆ.

ಪ್ರಶ್ನೆ: ಕುದುರೆಗೆ ಹುರುಳಿ ಕೊಟ್ಟರೆ ಸಾಕಾ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಸಾಲದು. ನಮ್ಮಪ್ಪನ ಕಾಲದಲ್ಲಿ ಬೇಯಿಸಿದ ಹುರುಳಿಯೇ ರಾಜ. ಲಾಯದಲ್ಲಿ ಸಂಜೆ ಆ ವಾಸನೆಗೆ ನಮಗೇ ಹಸಿವಾಗುತ್ತಿತ್ತು, ಒಂದು ಬೊಗಸೆ ಉಪ್ಪು ಹಾಕಿಕೊಂಡು ತಿಂದದ್ದೂ ಉಂಟು. ಈಗ ಓಟ್ಸ್, ಬಾರ್ಲಿ, ಸ್ವಲ್ಪ ಬೂಸಾ, ಕುದುರೆ ಮೆಂತೆ ಸೊಪ್ಪು. ಆದರೆ ಹೊಟ್ಟೆಯ ಬಹುಪಾಲು ತುಂಬಬೇಕಾದ್ದು ಒಣಹುಲ್ಲೇ. ದಾಣಿ ಜಾಸ್ತಿ, ಹುಲ್ಲು ಕಮ್ಮಿ ಆದರೆ ಹೊಟ್ಟೆನೋವು ಕಟ್ಟಿಟ್ಟದ್ದು.

ಪ್ರಶ್ನೆ: ಕುದುರೆಯನ್ನು ಎಡಗಡೆಯಿಂದಲೇ ಯಾಕೆ ಹತ್ತುತ್ತಾರೆ?
— ಶಾಲಾ ವಿದ್ಯಾರ್ಥಿ, ಧಾರವಾಡ

ಉತ್ತರ: ಹಿಂದಿನ ಸೈನಿಕರಿಗೆ ಖಡ್ಗ ಎಡ ಸೊಂಟದಲ್ಲಿ ತೂಗುತ್ತಿತ್ತು. ಬಲಗಡೆಯಿಂದ ಹತ್ತಿದರೆ ಎಡಗಾಲು ಎತ್ತಿ ದಾಟಿಸುವಾಗ ಖಡ್ಗ ಅಡ್ಡ ಬರುತ್ತದೆ ಅಲ್ವಾ? ಅದೇ ರೂಢಿ ಉಳಿಯಿತು. ಖಡ್ಗ ಹೋಯಿತು, ಎಡಗಡೆ ಹೋಗಲಿಲ್ಲ. ನಾನು ಮೊಲ್ಲೆಗೆ ಎರಡೂ ಕಡೆಯಿಂದ ಹತ್ತಿಸಿಕೊಳ್ಳುವುದನ್ನು ಕಲಿಸುತ್ತೇನೆ, ಬೆನ್ನಿಗೆ ಒಂದೇ ಕಡೆ ಜಗ್ಗು ಬೀಳದಿರಲಿ ಅಂತ.

ಪ್ರಶ್ನೆ: ನನಗೆ 41 ವರ್ಷ, 96 ಕೆಜಿ. ನಾನೂ ಕಲಿಯಬಹುದಾ? ನಗಬೇಡಿ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಗುತ್ತಿಲ್ಲ ಸಾರ್, ಲೆಕ್ಕ ಹಾಕುತ್ತಿದ್ದೇನೆ. ಜೀನೂ ಸೇರಿ ಕುದುರೆಯ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಹೊರಿಸಬಾರದು ಅನ್ನುವುದು ನಮ್ಮಲ್ಲಿ ಸಾಮಾನ್ಯ ಲೆಕ್ಕ. ನಮ್ಮಲ್ಲಿರುವ ದೊಡ್ಡ ಕುದುರೆ 500 ಕೆಜಿ, ಅಂದರೆ ನೂರು. ಜೀನು, ಪಟ್ಟಿ, ರಿಕಾಪು ಎಲ್ಲ ಸೇರಿ ಎಂಟು ಕೆಜಿ. ನೀವು ನಾಲ್ಕು ಕೆಜಿ ಮುಂದಿದ್ದೀರಿ. ಒಂದು ತಿಂಗಳು ಬೆಳಿಗ್ಗೆ ಐದಕ್ಕೆ ಬಂದು ಚಾಚಾ ಜೊತೆ ಲಾಯ ಗುಡಿಸಿ, ನೀರು ಹೊತ್ತು ಹಾಕಿ. ಆ ನಾಲ್ಕು ಕೆಜಿ ಅವರೇ ಇಳಿಸುತ್ತಾರೆ.